ಇಐಎ: ಅಮೆರಿಕದಲ್ಲಿ ವರದಿ, ಭಾರತದಲ್ಲಿ ಅನುಮತಿ, ಚೀನಾದಲ್ಲಿ ದಂಡ

ಪರಿಸರ ಪರಿಣಾಮ ಮೌಲ್ಯಮಾಪನಕ್ಕೆ, ಅಂದರೆ ಇಐಎಗೆ, ಮೊದಲು ಕಾನೂನು ಮಾಡಿದ ದೇಶ ಅಮೆರಿಕ. ವಿಚಿತ್ರವೆಂದರೆ, ಆ ಕಾನೂನಿನ ಬಲದಿಂದ ಯಾವ ಯೋಜನೆಯನ್ನೂ 'ಬೇಡ' ಎನ್ನಲು ಬರುವುದಿಲ್ಲ. ಅಧ್ಯಕ್ಷ ನಿಕ್ಸನ್ 1970ರ ಜನವರಿ 1ರಂದು ಸಹಿ ಹಾಕಿದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ, ಅಂದರೆ ನೇಪಾ, ಕೇಳುವುದು ಇಷ್ಟನ್ನೇ: ಪರಿಸರದ ಮೇಲೆ ದೊಡ್ಡ ಪರಿಣಾಮ ಬೀರುವ ಕೆಲಸಕ್ಕೆ ಕೈಹಾಕುವ ಮುನ್ನ ಕೇಂದ್ರ ಸರ್ಕಾರದ ಇಲಾಖೆ ವಿವರವಾಗಿ ಬರೆದಿಡಬೇಕು. ಏನು ಹಾನಿಯಾಗುತ್ತದೆ, ಯಾವುದನ್ನು ತಪ್ಪಿಸಲಾಗದು, ಬೇರೆ ದಾರಿ ಏನಿತ್ತು ಎಲ್ಲವೂ ಅದರಲ್ಲಿರಬೇಕು. ಬರೆದಾದ ಮೇಲೆ, ಹಾನಿ ಗೊತ್ತಿದ್ದೂ ಅದೇ ಯೋಜನೆಯನ್ನು ಮುಂದುವರಿಸಬಹುದು. ವಾಷಿಂಗ್ಟನ್ ರಾಜ್ಯದ ಮೆಥೋ ಕಣಿವೆಯ ಸ್ಕೀ ರೆಸಾರ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಇದನ್ನು ನೇರವಾಗಿಯೇ ಹೇಳಿತು: ಈ ಕಾಯ್ದೆ ತಡೆಯುವುದು ತಿಳಿಯದೆ ಕೈಗೊಳ್ಳುವ ತೀರ್ಮಾನವನ್ನು, ತಿಳಿದೂ ಕೈಗೊಂಡ ಅವಿವೇಕದ ತೀರ್ಮಾನಕ್ಕೆ ಇದರಲ್ಲಿ ತಡೆ ಇಲ್ಲ.

ಭಾರತದ ವ್ಯವಸ್ಥೆ ಇದಕ್ಕೆ ತದ್ವಿರುದ್ಧ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಮೊದಲು 1994ರಲ್ಲಿ, ಆಮೇಲೆ 2006ರ ಸೆಪ್ಟೆಂಬರ್ 14ರಂದು ಹೊರಬಂದ ಅಧಿಸೂಚನೆಗಳ ಪ್ರಕಾರ ಇಲ್ಲಿ ಬೇಕಾದದ್ದು ಪೂರ್ವಾನುಮತಿ. ಪರಿಸರ ಅನುಮತಿಯ ಪತ್ರ ಕೈಗೆ ಬರುವ ತನಕ ಗಣಿಯನ್ನೋ ಅಣೆಕಟ್ಟನ್ನೋ ಶುರು ಮಾಡುವಂತಿಲ್ಲ, ಸರ್ಕಾರ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಕಾಗದದ ಮೇಲೆ ನೋಡಿದರೆ ನಮ್ಮದೇ ಗಟ್ಟಿ. ಆದರೆ ಅರ್ಧ ಶತಮಾನದಲ್ಲಿ ಹೆದ್ದಾರಿ, ಅಣೆಕಟ್ಟು, ಕೊಳವೆಮಾರ್ಗ, ಮರ ಕಡಿಯುವ ಗುತ್ತಿಗೆಗಳನ್ನು ವರ್ಷಗಟ್ಟಲೆ ನಿಲ್ಲಿಸಿದ ಖ್ಯಾತಿ ಇರುವುದು 'ಬೇಡ' ಎನ್ನಲಾಗದ ಆ ಅಮೆರಿಕನ್ ಕಾನೂನಿಗೆ.

ಕಾರಣ ಕೋರ್ಟು. 1971ರಲ್ಲಿ ಮೇರಿಲ್ಯಾಂಡ್‌ನ ಕ್ಯಾಲ್ವರ್ಟ್ ಕ್ಲಿಫ್ಸ್ ಅಣುಸ್ಥಾವರದ ವಿಷಯದಲ್ಲಿ ಅಮೆರಿಕದ ಕೇಂದ್ರ ಮೇಲ್ಮನವಿ ನ್ಯಾಯಾಲಯವೊಂದು ಅಣುಶಕ್ತಿ ಆಯೋಗವನ್ನು ತರಾಟೆಗೆ ತೆಗೆದುಕೊಂಡಿತು. ಪರಿಸರ ವರದಿಯನ್ನು ಕಡತದ ಜೊತೆ ಕಟ್ಟಿ ಕಳಿಸಿದರೆ ಸಾಲದು, ತೀರ್ಮಾನದ ಪ್ರತಿ ಹಂತದಲ್ಲೂ ಅದನ್ನು ತೂಗಿ ನೋಡಿರಬೇಕು ಎಂದಿತು. ಅಂದಿನಿಂದ ಅಮೆರಿಕದಲ್ಲಿ ವರದಿ ಬರೆಯುವ ಪ್ರತಿ ಅಧಿಕಾರಿಯ ತಲೆಯಲ್ಲೂ ಒಂದು ಪ್ರಶ್ನೆ ಇದ್ದೇ ಇರುತ್ತದೆ: ನಾಳೆ ಇದನ್ನು ನ್ಯಾಯಾಧೀಶರು ಓದಿದರೆ? ವರದಿಗಳು ಅಷ್ಟು ದಪ್ಪವಾದದ್ದೂ ಈ ಭಯದಿಂದಲೇ. 2013ರಿಂದ 2018ರವರೆಗಿನ ಅಂತಿಮ ವರದಿಗಳ ಸರಾಸರಿ 661 ಪುಟ. ಅಮೆರಿಕ ಅಧ್ಯಕ್ಷರ ಕಚೇರಿಯ ಪರಿಸರ ಗುಣಮಟ್ಟ ಮಂಡಳಿಯೇ ಕೊಟ್ಟ ಲೆಕ್ಕ ಇದು. ಒಂದೊಂದಕ್ಕೆ ಹಿಡಿದ ಕಾಲ ಸರಾಸರಿ ನಾಲ್ಕೂವರೆ ವರ್ಷ.

ಹಾಗಾಗಿ ಬೇರೆ ಬೇರೆ ದೇಶಗಳ ಇಐಎಯನ್ನು ಹೋಲಿಸಲು ಕಾನೂನಿನ ಪಠ್ಯವನ್ನು ಅಕ್ಕಪಕ್ಕ ಇಟ್ಟರೆ ಹೆಚ್ಚೇನೂ ತಿಳಿಯುವುದಿಲ್ಲ. ಹಂತಗಳೆಲ್ಲ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಯೋಜನೆಗೆ ಅಧ್ಯಯನ ಬೇಕೇ ಬೇಡವೇ ಎಂಬ ಜರಡಿ ಮೊದಲು. ಏನೇನನ್ನು ಅಧ್ಯಯನ ಮಾಡಬೇಕು ಎಂಬ ವ್ಯಾಪ್ತಿ ಆಮೇಲೆ. ಈಗಿರುವ ನೀರು, ಗಾಳಿ, ಕಾಡು, ಜನರ ಸ್ಥಿತಿಯ ದಾಖಲೆ, ಯೋಜನೆ ಬಂದರೆ ಏನಾಗುತ್ತದೆ ಎಂಬ ಅಂದಾಜು, ಪರ್ಯಾಯಗಳು, ಜನರ ಅಭಿಪ್ರಾಯ, ತೀರ್ಮಾನ, ಕೊನೆಗೆ ನಿಗಾ. 1971ರಲ್ಲೇ ಅಮೆರಿಕದ ಭೂವಿಜ್ಞಾನಿ ಲೂನಾ ಲಿಯೊಪೋಲ್ಡ್ ಮತ್ತು ಸಂಗಡಿಗರು ಇದಕ್ಕೊಂದು ದೊಡ್ಡ ಕೋಷ್ಟಕ ಹಾಕಿಕೊಟ್ಟಿದ್ದರು. ಒಂದು ಬದಿಗೆ ಯೋಜನೆಯ 100 ಬಗೆಯ ಕೆಲಸಗಳು, ಇನ್ನೊಂದು ಬದಿಗೆ ಪರಿಸರದ 88 ಅಂಶಗಳು. ಒಟ್ಟು 8,800 ಮನೆ. ಪ್ರತಿ ಮನೆಯಲ್ಲೂ ಪರಿಣಾಮ ಎಷ್ಟು ದೊಡ್ಡದು, ಎಷ್ಟು ಮುಖ್ಯ ಎಂಬ ಎರಡು ಅಂಕಿ. ಇಂದಿನ ವರದಿಗಳಲ್ಲಿ ಕಾಣುವ ಬಣ್ಣಬಣ್ಣದ ಕೋಷ್ಟಕಗಳಿಗೆಲ್ಲ ಅದೇ ಮೂಲಪುರುಷ. ಮನೆ ತುಂಬುವುದು ಕಷ್ಟವಲ್ಲ. ಯಾರು ತುಂಬುತ್ತಾರೆ, ಯಾವಾಗ, ತಪ್ಪು ತುಂಬಿದರೆ ಕೇಳುವವರು ಯಾರು ಎಂಬಲ್ಲಿ ದೇಶ ದೇಶಕ್ಕೆ ದಾರಿ ಬೇರೆಯಾಗುತ್ತದೆ.

ಬಲೆಗೆ ಬೀಳುವವರು ಯಾರು

ಯುರೋಪಿನ ಒಕ್ಕೂಟ 1985ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಎರಡು ಪಟ್ಟಿಗಳಿವೆ. ಮೊದಲ ಪಟ್ಟಿಯ ಯೋಜನೆಗಳಿಗೆ ಇಐಎ ಕಡ್ಡಾಯ. ಎರಡನೆಯದರಲ್ಲಿರುವವಕ್ಕೆ ಬೇಕೇ ಎಂಬುದನ್ನು ಆಯಾ ದೇಶ ನೋಡಿಕೊಳ್ಳಬೇಕು. ಭಾರತದಲ್ಲಿ 'ಎ' ವರ್ಗದ ಯೋಜನೆ ದೆಹಲಿಗೆ, 'ಬಿ' ವರ್ಗದ್ದು ರಾಜ್ಯದ ಪ್ರಾಧಿಕಾರಕ್ಕೆ ಹೋಗುತ್ತದೆ. 'ಬಿ'ಯಲ್ಲೇ 'ಬಿ2' ಎಂಬ ಒಳಕೋಣೆಯೊಂದಿದೆ, ಅಲ್ಲಿ ಇಐಎ ವರದಿಯ ಅಗತ್ಯವೇ ಇಲ್ಲ. ಜಪಾನ್ 1984ರಿಂದ ಬರೀ ಸಂಪುಟ ನಿರ್ಣಯದಲ್ಲಿ ದಿನ ದೂಡಿ 1997ರಲ್ಲಷ್ಟೇ ಕಾನೂನು ಮಾಡಿತು. ಅಲ್ಲಿ ಕಾನೂನಿನ ವ್ಯಾಪ್ತಿಗೆ ಬರಬೇಕಾದರೆ ಯೋಜನೆ ಬಲು ದೊಡ್ಡದಿರಬೇಕು. ಗಾಳಿವಿದ್ಯುತ್ ಘಟಕಗಳಿಗೆ ಇಐಎ ಕಡ್ಡಾಯವಾಗುವ ಮಿತಿಯನ್ನು 2021ರಲ್ಲಿ 10 ಮೆಗಾವಾಟ್‌ನಿಂದ 50 ಮೆಗಾವಾಟ್‌ಗೆ ಏರಿಸಿ, ಬಲೆಯ ಕಣ್ಣನ್ನು ಇನ್ನಷ್ಟು ಅಗಲಿಸಿದರು.

ಎಲ್ಲೇ ಗೆರೆ ಎಳೆಯಿರಿ, ಚಾಪೆ ಕೆಳಗೆ ತೂರುವವರು ಕೆಲವರಿದ್ದರೆ ರಂಗೋಲಿ ಕೆಳಗೆ ತೂರುವವರು ಇನ್ನು ಕೆಲವರು. ಭಾರತದಲ್ಲಿ 25 ಮೆಗಾವಾಟ್‌ಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿ ಬೇಕಿಲ್ಲ. ಪಶ್ಚಿಮ ಘಟ್ಟದ ಹೊಳೆಗಳಿಗೆ 24 ಚಿಲ್ಲರೆ ಮೆಗಾವಾಟ್‌ನ ಕಿರು ಯೋಜನೆಗಳು ಬಂದದ್ದರ ಹಿಂದಿನ ಗಣಿತ ಊಹಿಸುವುದು ಕಷ್ಟವೇನಲ್ಲ. ಇಂಥದ್ದೇ ತಕರಾರು ಐರ್ಲೆಂಡಿನ ಮೇಲೆ ಯುರೋಪಿನ ನ್ಯಾಯಾಲಯದವರೆಗೆ ಹೋಗಿತ್ತು. ಅಲ್ಲಿನ ಜೌಗುನೆಲಗಳಲ್ಲಿ ಇಂಧನಕ್ಕೆಂದು ಪೀಟ್ ಮಣ್ಣು ತೆಗೆಯುವುದು, ನೆಡುತೋಪು ಬೆಳೆಸುವುದು ಇವಕ್ಕೆಲ್ಲ ಸರ್ಕಾರ ವಿಸ್ತೀರ್ಣದ ಮಿತಿಯನ್ನಷ್ಟೇ ಇಟ್ಟಿತ್ತು. ಒಂದೇ ಜೌಗಿನಲ್ಲಿ ಮಿತಿಯೊಳಗಿನ ತುಂಡುಗಳು ಸಾಲಾಗಿ ಬಂದರೂ ಯಾವುದಕ್ಕೂ ಇಐಎ ಬೇಕಾಗುತ್ತಿರಲಿಲ್ಲ. 1999ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಗಾತ್ರ ಒಂದನ್ನೇ ನೋಡಿದರೆ ಸಾಲದು, ಯೋಜನೆ ಇರುವ ಜಾಗ ಎಷ್ಟು ಸೂಕ್ಷ್ಮ, ಸುತ್ತಲಿನ ಬೇರೆ ಯೋಜನೆಗಳ ಜೊತೆ ಕೂಡಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು ಎಂದಿತು. ಭಾರತದ ಅಧಿಸೂಚನೆಯಲ್ಲೂ ಸಂರಕ್ಷಿತ ಅರಣ್ಯಪ್ರದೇಶಕ್ಕೆ ಹತ್ತಿರವಿದ್ದರೆ ಯೋಜನೆಯನ್ನು ಮೇಲಿನ ವರ್ಗಕ್ಕೆ ಏರಿಸುವ ಷರತ್ತು ಇದೆ. ಆದರೆ ಪಟ್ಟಿಯಿಂದಲೇ ಹೊರಗಿರುವ ಯೋಜನೆಗೆ ಆ ಷರತ್ತು ತಾಕುವುದೇ ಇಲ್ಲ.

ಬರೆಯುವವರು ಯಾರು, ದುಡ್ಡು ಯಾರದು

ಭಾರತದಲ್ಲಿ ಇಐಎ ವರದಿ ಬರೆಸುವುದು ಯೋಜನೆ ತರುವ ಕಂಪನಿ. ಅದು ಸಲಹಾಸಂಸ್ಥೆಯೊಂದನ್ನು ಗೊತ್ತುಮಾಡಿಕೊಳ್ಳುತ್ತದೆ, ಶುಲ್ಕ ಕೊಡುತ್ತದೆ, ಕರಡು ನೋಡಿ ತಿದ್ದುಪಡಿ ಹೇಳುತ್ತದೆ. ಸಲಹಾಸಂಸ್ಥೆಗೆ ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗವಾದ ನಾಬೆಟ್‌ನ ಮಾನ್ಯತೆ ಇರಬೇಕೆಂಬ ನಿಯಮವೇನೋ ಇದೆ. ಆದರೆ ಮುಂದಿನ ಕೆಲಸವೂ ಇಂಥದ್ದೇ ಕಂಪನಿಗಳಿಂದ ಬರಬೇಕು ಎಂದಾಗ 'ಈ ಜಾಗ ಗಣಿಗೆ ಸರಿಯಿಲ್ಲ' ಎಂದು ಬರೆಯುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದಕ್ಕೆ ತಯಾರಾದ ವರದಿಯಲ್ಲಿ ರಷ್ಯಾದ ಬಾಕ್ಸೈಟ್ ಗಣಿಯ ವರದಿಯ ಭಾಗಗಳನ್ನು ಹಾಗೆಯೇ ಎತ್ತಿ ಅಂಟಿಸಿದ್ದು ಪತ್ತೆಯಾಗಿತ್ತು. ಕೊಂಕಣದ ಗುಡ್ಡದಲ್ಲಿ ರಷ್ಯಾದ ಸಸ್ಯಗಳು. ಇದು ಅತಿರೇಕದ ಉದಾಹರಣೆ ಎನ್ನಿ. ಮಾಮೂಲಿ ವರದಿಯ ಸಮಸ್ಯೆ ಇಷ್ಟು ತಮಾಷೆಯಾಗಿರುವುದಿಲ್ಲ. ಬಹಳಷ್ಟು ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ, ಅಂದರೆ ಸುಮಾರು ಮೂರು ತಿಂಗಳ ಮಾಹಿತಿ ಸಂಗ್ರಹಿಸಿದರೆ ಸಾಕು. ಮಳೆ ಬಿದ್ದಾಗಲೇ ಕೂಗುವ ಕಪ್ಪೆ, ಮಳೆಯಲ್ಲೇ ಹುಟ್ಟಿ ಹರಿಯುವ ತೊರೆ, ಮುಂಗಾರಿಗೆ ಚಿಗುರುವ ಗೆಡ್ಡೆಗಿಡ ಇವೆಲ್ಲ ಫೆಬ್ರುವರಿಯಲ್ಲಿ ಹೋದ ಸಮೀಕ್ಷಕರ ಕಣ್ಣಿಗೆ ಬೀಳುವುದಾದರೂ ಹೇಗೆ? ವರದಿಯಲ್ಲಿ ಸುಳ್ಳು ಇರುವುದಿಲ್ಲ, ನೋಡಿದ್ದನ್ನೇ ಬರೆದಿರುತ್ತಾರೆ.

ಚೀನಾದಲ್ಲಿ ಇದಕ್ಕೆ ಇನ್ನೊಂದು ಮುಖ. ಅಲ್ಲಿ ಬಹುಕಾಲ ಇಐಎ ಬರೆಯುತ್ತಿದ್ದ ಸಂಸ್ಥೆಗಳಲ್ಲಿ ಎಷ್ಟೋ ಪರಿಸರ ಇಲಾಖೆಗಳ ಅಧೀನದವೇ. ವರದಿ ಬರೆಯುವವರು ತಮ್ಮ, ಒಪ್ಪಿಗೆ ಕೊಡುವವರು ಅಣ್ಣ. ಸರ್ಕಾರಿ ನೆರಳಿನ ಇಂಥ ದಲ್ಲಾಳಿಗಳನ್ನು ಅಲ್ಲಿನ ಜನ 'ಕೆಂಪು ಟೋಪಿಯ ಮಧ್ಯವರ್ತಿಗಳು' ಎನ್ನುತ್ತಾರೆ. ಭ್ರಷ್ಟಾಚಾರದ ದೂರು ಹೆಚ್ಚಾಗಿ 2015ರಲ್ಲಿ ಈ ಸಂಸ್ಥೆಗಳನ್ನು ಇಲಾಖೆಯಿಂದ ಬೇರ್ಪಡಿಸಲು ಆದೇಶವಾಯಿತು. 2018ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಲಹಾಸಂಸ್ಥೆಗಳ ಪರವಾನಗಿ ಪದ್ಧತಿಯನ್ನೇ ತೆಗೆದುಹಾಕಿದರು. ಯಾರು ಬೇಕಾದರೂ ಬರೆಯಲಿ, ತಪ್ಪು ಬರೆದರೆ ಶಿಕ್ಷೆ ಎಂಬುದು ಹೊಸ ನೀತಿ.

ಅಮೆರಿಕದಲ್ಲಿ ವರದಿಯ ಹೊಣೆ ಸರ್ಕಾರಿ ಇಲಾಖೆಯದ್ದು. ಗುತ್ತಿಗೆಯ ಸಲಹೆಗಾರರು ಬರೆದಿದ್ದರೂ ಕೋರ್ಟಿನಲ್ಲಿ ನಿಲ್ಲುವುದು ಇಲಾಖೆಯೇ. 2023ರ ತಿದ್ದುಪಡಿಯ ನಂತರ ಇಲಾಖೆಯ ಉಸ್ತುವಾರಿಯಲ್ಲಿ ಕಂಪನಿಯೇ ವರದಿ ತಯಾರಿಸಲು ಅವಕಾಶ ಸಿಕ್ಕಿದೆ. ಹೊಣೆ ಮಾತ್ರ ಇಲಾಖೆಯ ಹೆಗಲಿನಲ್ಲೇ ಉಳಿದಿದೆ.

ನನಗೆ ಇವೆಲ್ಲಕ್ಕಿಂತ ಮೆಚ್ಚುಗೆಯಾಗುವುದು ನೆದರ್ಲೆಂಡ್ಸ್ ಕಂಡುಕೊಂಡ ದಾರಿ. ಅಲ್ಲೂ ವರದಿ ಬರೆಸುವುದು ಯೋಜನೆಯವರೇ, ದುಡ್ಡೂ ಅವರದ್ದೇ. ಆದರೆ 1980ರ ದಶಕದಿಂದ ಅಲ್ಲೊಂದು ಸ್ವತಂತ್ರ ಆಯೋಗ ಇದೆ. ದೊಡ್ಡ ಯೋಜನೆಯ ವರದಿ ಬಂದಾಗ ಅದು ಆ ವಿಷಯ ಬಲ್ಲ ತಜ್ಞರ ತಂಡ ಕಟ್ಟಿ, ವರದಿಯಲ್ಲಿ ತೀರ್ಮಾನಕ್ಕೆ ಬೇಕಾದಷ್ಟು ಮಾಹಿತಿ ಇದೆಯೇ ಎಂದು ಪರಿಶೀಲಿಸಿ ತನ್ನ ಅಭಿಪ್ರಾಯವನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಗೊಡವೆಗೆ ಅದು ಹೋಗುವುದಿಲ್ಲ. ಅದರ ಮಾತನ್ನು ಸರ್ಕಾರ ಕೇಳಲೇಬೇಕೆಂಬ ಕಟ್ಟುಪಾಡೂ ಇಲ್ಲ. ಆದರೆ 'ಈ ವರದಿಯಲ್ಲಿ ಅಂತರ್ಜಲದ ಲೆಕ್ಕವೇ ಇಲ್ಲ' ಎಂದು ಅಂಥದ್ದೊಂದು ಆಯೋಗ ಎಲ್ಲರೆದುರು ಬರೆದಿಟ್ಟ ಮೇಲೆ ಸಹಿ ಹಾಕುವ ಮಂತ್ರಿಗೆ ಕೈ ನಡುಗುತ್ತದೆ. ಭಾರತದ ತಜ್ಞರ ಸಮಿತಿಗಳೂ ವರದಿ ಪರಿಶೀಲಿಸುತ್ತವೆ, ಸಭೆಯ ನಡಾವಳಿಗಳೂ ಸಾರ್ವಜನಿಕವಾಗಿಯೇ ಸಿಗುತ್ತವೆ. ಆದರೆ ಒಂದೇ ಸಭೆಯ ಕಾರ್ಯಸೂಚಿಯಲ್ಲಿ ಯೋಜನೆಗಳು ಸಾಲುಗಟ್ಟಿ ನಿಂತಿರುತ್ತವೆ, ಮತ್ತು ಆ ಸಮಿತಿಯನ್ನು ನೇಮಿಸುವುದು ಅನುಮತಿ ಕೊಡುವ ಸಚಿವಾಲಯವೇ.

ಜನ ಮಾತಾಡುವುದು ಯಾವಾಗ

ಸಾರ್ವಜನಿಕ ಅಹವಾಲು ಸಭೆ ಭಾರತದ ವ್ಯವಸ್ಥೆಯ ಅತಿ ಜೀವಂತ ಭಾಗ, ಹಾಗೆಯೇ ಅತಿ ವಿಚಿತ್ರ ಭಾಗ ಕೂಡ. ನಿಯಮ ಹೀಗಿದೆ: ಕರಡು ವರದಿ ಸಿದ್ಧವಾದ ಮೇಲೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಸಭೆ ಯೋಜನೆಯ ಜಾಗದಲ್ಲೋ ಅದರ ಹತ್ತಿರದಲ್ಲೋ ನಡೆಯಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕೆಳಗಿಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಇಡೀ ಸಭೆಯ ವಿಡಿಯೊ ಆಗಬೇಕು. ಕೊನೆಯಲ್ಲಿ ನಡಾವಳಿಯನ್ನು ಅಲ್ಲೇ, ಜನರ ಭಾಷೆಯಲ್ಲಿ ಓದಿ ಹೇಳಿ ಸಹಿ ಹಾಕಬೇಕು. ಇಷ್ಟು ಖಚಿತವಾದ ನಿಯಮ ಎಷ್ಟೋ ಶ್ರೀಮಂತ ದೇಶಗಳಲ್ಲೂ ಇಲ್ಲ.

ಅದೇ ಅಧಿಸೂಚನೆಯಲ್ಲಿ ಇನ್ನೊಂದು ಸಾಲೂ ಇದೆ: ಸಭೆ ಶುರುವಾಗಲು ಕೋರಂ ಬೇಕಿಲ್ಲ. ಯಾರೂ ಬಾರದಿದ್ದರೂ ಸಭೆ ನಡೆದಂತೆಯೇ ಲೆಕ್ಕ. ಸಾವಿರ ಜನ ಬಂದು ಒಕ್ಕೊರಲಿನಿಂದ ಬೇಡ ಎಂದರೂ ಅಧ್ಯಕ್ಷರಿಗೆ ಯೋಜನೆಯನ್ನು ತಿರಸ್ಕರಿಸುವ ಅಧಿಕಾರವಿಲ್ಲ. ಅವರ ಕೆಲಸ ಮಾತನ್ನು ದಾಖಲಿಸಿ ಮೇಲಕ್ಕೆ ಕಳಿಸುವುದಷ್ಟೇ. ಕಂಪನಿ ಆ ಆಕ್ಷೇಪಗಳಿಗೆ ಉತ್ತರ ಸೇರಿಸಿ ಅಂತಿಮ ವರದಿ ಕೊಡುತ್ತದೆ. 'ಧೂಳಿನಿಂದ ಅಡಿಕೆ ತೋಟ ಹಾಳಾಗುತ್ತದೆ' ಎಂಬ ಆಕ್ಷೇಪದ ಎದುರಿನ ಅಂಕಣದಲ್ಲಿ 'ದಿನಕ್ಕೆರಡು ಬಾರಿ ನೀರು ಸಿಂಪಡಿಸಲಾಗುವುದು' ಎಂದು ಬಂದರೆ ಉತ್ತರ ಕೊಟ್ಟಂತಾಯಿತು. ಇನ್ನು ಭಾಷೆ. ವರದಿಯ ಸಾರಾಂಶ ಮಾತ್ರ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಇಡೀ ವರದಿ ಇಂಗ್ಲಿಷಿನಲ್ಲಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ. ಸಾರಾಂಶದಲ್ಲಿ ಉದ್ಯೋಗದ ಸಂಖ್ಯೆ, ಹಸಿರು ಪಟ್ಟಿಯ ವಿಸ್ತೀರ್ಣ ಎಲ್ಲ ಚೆನ್ನಾಗಿಯೇ ಬಂದಿರುತ್ತವೆ. ತಕರಾರು ಹುಟ್ಟುವ ಅಂಕಿಅಂಶ ಇರುವುದು ಒಳಗಿನ ಪುಟಗಳಲ್ಲಿ. 2020ರಲ್ಲಿ ಅಧಿಸೂಚನೆಯನ್ನೇ ಬದಲಿಸುವ ಕರಡು ಹೊರಬಂದಾಗ ಇದೇ ಭಾಷೆಯ ಪ್ರಶ್ನೆ ಎದ್ದು, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಆ ಕರಡಿನಲ್ಲಿ ಆಕ್ಷೇಪಣೆಯ ಅವಧಿಯನ್ನು 30 ದಿನದಿಂದ 20ಕ್ಕೆ ಇಳಿಸುವ ಪ್ರಸ್ತಾವವೂ ಇತ್ತು.

ದಕ್ಷಿಣ ಆಫ್ರಿಕಾದಲ್ಲಿ ಇಂಥದ್ದೇ ಕಾರಣಕ್ಕೆ ಒಂದು ದೊಡ್ಡ ಪರವಾನಗಿಯೇ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ದೇಶದ ಪೂರ್ವ ಕರಾವಳಿಯ ವೈಲ್ಡ್ ಕೋಸ್ಟ್ ಸಮುದ್ರದಲ್ಲಿ ತೈಲ ಹುಡುಕಲು ಶೆಲ್ ಕಂಪನಿ, ಸಮುದ್ರದ ತಳಕ್ಕೆ ಶಬ್ದದ ಅಲೆ ಹಾಯಿಸಿ ನೋಡುವ ಭೂಕಂಪನ ಸಮೀಕ್ಷೆಗೆ ಹೊರಟಿತ್ತು. ಸಮಾಲೋಚನೆ ನಡೆದಿತ್ತು, ಆದರೆ ಊರಿನ ದೊರೆಗಳು ಮತ್ತು ಸಾಂಪ್ರದಾಯಿಕ ಮುಖಂಡರ ಜೊತೆ. ಪತ್ರಿಕಾ ಪ್ರಕಟಣೆ ಬಂದಿತ್ತು, ಆದರೆ ಇಂಗ್ಲಿಷ್ ಮತ್ತು ಆಫ್ರಿಕಾನ್ಸ್‌ನಲ್ಲಿ. ಆ ಕರಾವಳಿಯ ಮೀನುಗಾರರು ಆಡುವುದು ಷೋಸಾ ಭಾಷೆ. 2022ರ ಸೆಪ್ಟೆಂಬರ್‌ನಲ್ಲಿ ಮಖಾಂಡದ ಹೈಕೋರ್ಟ್ ಶೋಧನೆಯ ಹಕ್ಕನ್ನೇ ರದ್ದು ಮಾಡಿತು. ಮುಖಂಡನ ಜೊತೆ ಮಾತಾಡಿದರೆ ಸಮುದಾಯದ ಜೊತೆ ಮಾತಾಡಿದಂತಲ್ಲ ಎಂಬುದು ಅದರ ತಿರುಳು. ಕೆನ್ಯಾದ ಲಾಮು ಕರಾವಳಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪರವಾನಗಿಯನ್ನು ಅಲ್ಲಿನ ರಾಷ್ಟ್ರೀಯ ಪರಿಸರ ನ್ಯಾಯಮಂಡಳಿ 2019ರ ಜೂನ್‌ನಲ್ಲಿ ರದ್ದುಪಡಿಸಿದ್ದಕ್ಕೂ ಮುಖ್ಯ ಕಾರಣ ಜನರನ್ನು ಸರಿಯಾಗಿ ಕೇಳದೇ ಇದ್ದದ್ದು.

ಚೆನ್ನಾಗಿ ಕೇಳಿದ ಉದಾಹರಣೆ ಬೇಕೆಂದರೆ ಐವತ್ತು ವರ್ಷ ಹಿಂದಕ್ಕೆ, ಕೆನಡಾದ ಉತ್ತರ ತುದಿಗೆ ಹೋಗಬೇಕು. ಮೆಕೆಂಜಿ ಕಣಿವೆಯಲ್ಲಿ ಅನಿಲ ಕೊಳವೆ ಹಾಕುವ ಯೋಜನೆಯನ್ನು ಪರಿಶೀಲಿಸಲು 1974ರಲ್ಲಿ ನ್ಯಾಯಮೂರ್ತಿ ಥಾಮಸ್ ಬರ್ಗರ್ ಅವರನ್ನು ನೇಮಿಸಿದರು. ತಜ್ಞರ ವಿಚಾರಣೆ ಒಂದೆಡೆ ನಡೆಯಿತು. ಇನ್ನೊಂದೆಡೆ ಬರ್ಗರ್ ತಾವೇ 35 ಊರುಗಳಿಗೆ ಹೋದರು. ಬೇಟೆಗಾರರು, ಮೀನುಗಾರರು, ಮುದುಕಿಯರು ತಮ್ಮ ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಕೂತು ಕೇಳಿದರು. ವಿಚಾರಣೆಯ ವರದಿ ಆದಿವಾಸಿ ಭಾಷೆಗಳಲ್ಲಿ ರೇಡಿಯೊದಲ್ಲಿ ಬರುತ್ತಿತ್ತು. ಆಕ್ಷೇಪಣೆ ಸಲ್ಲಿಸುವ ಗುಂಪುಗಳಿಗೆ ತಮ್ಮದೇ ತಜ್ಞರನ್ನು ಕರೆತರಲು ಸರ್ಕಾರವೇ ಹಣ ಕೊಟ್ಟಿತ್ತು. ನನ್ನ ಕಣ್ಣಿಗೆ ಇಡೀ ವಿಚಾರಣೆಯ ಅತಿ ಮುಖ್ಯ ಅಂಶ ಇದೇ. ಕಂಪನಿಯ ಜಲತಜ್ಞನ ಎದುರು ಊರಿನವರ ಕಡೆಯಿಂದಲೂ ಒಬ್ಬ ಜಲತಜ್ಞ ನಿಂತಾಗ ಮಾತಿನ ಧಾಟಿಯೇ ಬೇರೆಯಾಗುತ್ತದೆ. 1977ರಲ್ಲಿ ಬರ್ಗರ್ ಕೊಟ್ಟ ಶಿಫಾರಸು: ಉತ್ತರ ಯೂಕಾನ್‌ನಲ್ಲಿ ಕೊಳವೆ ಎಂದೆಂದಿಗೂ ಬೇಡ, ಮೆಕೆಂಜಿ ಕಣಿವೆಯಲ್ಲಿ ಹತ್ತು ವರ್ಷ ಬೇಡ, ಮೊದಲು ಆದಿವಾಸಿಗಳ ಭೂಹಕ್ಕು ತೀರ್ಮಾನವಾಗಲಿ. ಕೊಳವೆ ಬರಲಿಲ್ಲ.

ಕೇಳುವ ಬಾಗಿಲು ಮುಚ್ಚಿದ್ದರೆ ಜನ ಬೀದಿಗೆ ಬರುತ್ತಾರೆ. ಚೀನಾದ ಷಿಯಾಮೆನ್ ನಗರದಲ್ಲಿ ಪ್ಯಾರಾಕ್ಸೈಲೀನ್ ಎಂಬ ರಾಸಾಯನಿಕ ತಯಾರಿಸುವ ಕಾರ್ಖಾನೆಗೆ ಇಐಎ ಒಪ್ಪಿಗೆ ಸಿಕ್ಕಾಗಿತ್ತು. ಊರಿನವರಿಗೆ ವಿಷಯ ತಿಳಿದದ್ದು ಆಮೇಲೆ. 2007ರ ಜೂನ್‌ನಲ್ಲಿ ಸಾವಿರಾರು ಜನ 'ವಾಯುವಿಹಾರ'ದ ಹೆಸರಿನಲ್ಲಿ ರಸ್ತೆಗಿಳಿದರು, ಯಾಕೆಂದರೆ ಮೆರವಣಿಗೆಗೆ ಪರವಾನಗಿ ಸಿಗುತ್ತಿರಲಿಲ್ಲ. ಸರ್ಕಾರ ಮಣಿದು ಕಾರ್ಖಾನೆಯನ್ನು ಪಕ್ಕದ ಝಾಂಗ್‌ಝೌ ಜಿಲ್ಲೆಯ ಗುಲೈಗೆ ಸಾಗಿಸಿತು. ಅಲ್ಲಿ 2013ರಲ್ಲಿ ಒಮ್ಮೆ, 2015ರಲ್ಲಿ ಇನ್ನೊಮ್ಮೆ ಸ್ಫೋಟವಾಯಿತು.

ಪರ್ಯಾಯಗಳ ಮಾತೂ ಇಲ್ಲಿಯೇ ಬರಬೇಕು. ಬೇರೆ ಜಾಗ, ಬೇರೆ ತಂತ್ರಜ್ಞಾನ, ಅಥವಾ ಏನೂ ಮಾಡದಿರುವುದು ಇವುಗಳ ಹೋಲಿಕೆಯೇ ಇಡೀ ವರದಿಯ ಹೃದಯ ಎಂದು ಅಮೆರಿಕದ ನಿಯಮಾವಳಿ ದಶಕಗಳ ಕಾಲ ಹೇಳಿಕೊಂಡು ಬಂತು. ಬೇರೆ ಬಹಳಷ್ಟು ಕಡೆ ಜಮೀನು ಖರೀದಿಯಾಗಿ, ಬ್ಯಾಂಕಿನ ಸಾಲವೂ ಮಂಜೂರಾದ ಮೇಲೆ ಇಐಎ ಶುರುವಾಗುತ್ತದೆ. ಆಗ ಪರ್ಯಾಯದ ಅಧ್ಯಾಯ ಬರೆಯುವುದು ಕಾಟಾಚಾರವೇ ಸರಿ. ಯುರೋಪು ಇದಕ್ಕೆ ಪರಿಹಾರವಾಗಿ 2001ರಲ್ಲಿ ಇನ್ನೊಂದು ನಿರ್ದೇಶನ ತಂದು, ಯೋಜನೆಗಿಂತ ಮೇಲಿನ ಮಟ್ಟದಲ್ಲಿ, ಸರ್ಕಾರದ ಯೋಜನಾನಕ್ಷೆಗಳ ಹಂತದಲ್ಲೇ ಪರಿಸರದ ಲೆಕ್ಕ ಹಾಕಬೇಕೆಂದಿತು. ಭಾರತದಲ್ಲಿ ಅಂಥ ಕಾನೂನು ಇಲ್ಲ.

ಕಟ್ಟಿದ ಮೇಲೆ ಅನುಮತಿ

ಇಐಎ ಮಾಡದೆಯೇ ಕಟ್ಟಿಬಿಟ್ಟರೆ? ಚೀನಾದ 2002ರ ಕಾನೂನಿನಲ್ಲಿ ಇದಕ್ಕೆ ಉತ್ತರ ಸಲೀಸಾಗಿತ್ತು: ವರದಿಯನ್ನು ಈಗ ಮಾಡಿಕೊಡಿ, ಅದನ್ನೂ ಮಾಡದಿದ್ದರೆ 50 ಸಾವಿರದಿಂದ 2 ಲಕ್ಷ ಯುವಾನ್ ದಂಡ. ಸಾವಿರಾರು ಕೋಟಿಯ ಅಣೆಕಟ್ಟಿಗೆ ಅದು ಚಿಲ್ಲರೆ ಕಾಸು. 2005ರ ಜನವರಿಯಲ್ಲಿ ಅಲ್ಲಿನ ಪರಿಸರ ಆಡಳಿತದ ಉಪಮುಖ್ಯಸ್ಥ ಪಾನ್ ಯುಯೆ ಒಮ್ಮೆಗೇ 30 ಯೋಜನೆಗಳನ್ನು ನಿಲ್ಲಿಸಿ ದೇಶವನ್ನೇ ಬೆಚ್ಚಿಬೀಳಿಸಿದರು. ತ್ರೀ ಗಾರ್ಜಸ್ ಅಣೆಕಟ್ಟಿನ ಭೂಗತ ವಿದ್ಯುದಾಗಾರವೂ ಅದರಲ್ಲಿತ್ತು. ಪತ್ರಿಕೆಗಳು ಅದನ್ನು 'ಇಐಎ ಬಿರುಗಾಳಿ' ಎಂದು ಕರೆದವು. ಬಿರುಗಾಳಿ ನಿಂತ ಮೇಲೆ ಹೆಚ್ಚಿನವು ಕಾಗದಪತ್ರ ಸರಿಮಾಡಿಕೊಂಡು ಕೆಲಸ ಮುಂದುವರಿಸಿದವು. ಕಡೆಗೆ 2016ರ ತಿದ್ದುಪಡಿಯಲ್ಲಿ ದಂಡವನ್ನು ಯೋಜನೆಯ ಒಟ್ಟು ಹೂಡಿಕೆಯ ಶೇ 1ರಿಂದ 5ಕ್ಕೆ ಏರಿಸಿ, ಕಟ್ಟಿದ್ದನ್ನು ಕೆಡವಿ ಮೊದಲಿನಂತೆ ಮಾಡಿ ಎನ್ನುವ ಅಧಿಕಾರವನ್ನೂ ಸೇರಿಸಿದರು. ಅನುಮತಿಯಿಲ್ಲದೆ ಶುರುಮಾಡಿದವರು ದಂಡ ಕಟ್ಟಿ ಅರ್ಜಿ ಹಾಕುವ ದಾರಿ ದಕ್ಷಿಣ ಆಫ್ರಿಕಾದ ಕಾನೂನಿನಲ್ಲೂ ಇದೆ.

ಭಾರತದಲ್ಲಿ ಈ ವಿಷಯ ಇನ್ನೂ ಹೊಯ್ದಾಡುತ್ತಿದೆ. ಮದುವೆ ಮುಗಿದ ಮೇಲೆ ಜಾತಕ ನೋಡುವ ಈ ಪದ್ಧತಿ ಪರಿಸರ ನ್ಯಾಯಕ್ಕೇ ಹೊರತಾದದ್ದು ಎಂದು ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಲ್ಲಿ ಹೇಳಿತ್ತು. ಘಟನೋತ್ತರ ಅನುಮತಿಗೆ ದಾರಿ ಮಾಡಿಕೊಟ್ಟಿದ್ದ 2017ರ ಅಧಿಸೂಚನೆ ಮತ್ತು 2021ರ ಕಚೇರಿ ಜ್ಞಾಪನವನ್ನು 2025ರ ಮೇ 16ರಂದು 'ವನಶಕ್ತಿ' ಪ್ರಕರಣದಲ್ಲಿ ರದ್ದೂ ಮಾಡಿತು. ಆರು ತಿಂಗಳಿಗೆ, ನವೆಂಬರ್ 18ರಂದು, ಮೂವರು ನ್ಯಾಯಮೂರ್ತಿಗಳ ಪೀಠ 2:1ರ ಬಹುಮತದಲ್ಲಿ ಆ ತೀರ್ಪನ್ನು ಹಿಂಪಡೆಯಿತು. ಮೇ ತಿಂಗಳ ತೀರ್ಪು ಕೊಟ್ಟ ಪೀಠದಲ್ಲಿದ್ದ ನ್ಯಾಯಮೂರ್ತಿ ಭೂಯಾನ್ ಈ ಬಾರಿ ಭಿನ್ನಮತದ ತೀರ್ಪು ಬರೆದರು.

ಪರಿಣಾಮ ಎಲ್ಲಿಗೆ ಮುಗಿಯುತ್ತದೆ

ಪರಿಣಾಮಕ್ಕೆ ಗಡಿ ಎಳೆಯುವುದು ಈಗಿನ ದೊಡ್ಡ ಜಗಳ. ದೇಶದ ಗಡಿ ದಾಟುವ ಪರಿಣಾಮದ ಬಗ್ಗೆ ತಕ್ಕಮಟ್ಟಿಗೆ ಒಮ್ಮತವಿದೆ: 1991ರ ಎಸ್ಪೂ ಒಪ್ಪಂದಕ್ಕೆ ಸೇರಿದ ದೇಶಗಳು ನೆರೆಯವರಿಗೆ ತಿಳಿಸಿಯೇ ಮುಂದುವರಿಯಬೇಕು. ಉರುಗ್ವೆ ನದಿಯ ದಂಡೆಯ ಕಾಗದದ ತಿರುಳಿನ ಕಾರ್ಖಾನೆಯ ವಿಷಯದಲ್ಲಿ ನೆರೆಯ ಉರುಗ್ವೆ ದೇಶದ ಮೇಲೆ ಅರ್ಜೆಂಟೀನಾ ಹೂಡಿದ ದಾವೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2010ರಲ್ಲಿ, ಗಡಿಯಾಚೆ ಹಾನಿಯಾಗುವ ಸಂಭವವಿದ್ದರೆ ಇಐಎ ಮಾಡುವುದು ಎಲ್ಲ ದೇಶಗಳ ಹೊಣೆ ಎಂದಿತು. ಅದರಲ್ಲಿ ಏನೇನಿರಬೇಕು ಎಂಬುದನ್ನು ಮಾತ್ರ ಆಯಾ ದೇಶಕ್ಕೇ ಬಿಟ್ಟುಕೊಟ್ಟಿತು.

ಹವಾಮಾನದ ವಿಷಯದಲ್ಲಿ ಹಾಗಲ್ಲ. ಇಂಗ್ಲೆಂಡಿನ ಸರ್ರೆಯಲ್ಲಿ ಹಾರ್ಸ್ ಹಿಲ್ ಎಂಬಲ್ಲಿ ತೈಲಬಾವಿ ತೋಡಲು ಸ್ಥಳೀಯ ಕೌನ್ಸಿಲ್ ಅನುಮತಿ ಕೊಟ್ಟಿತ್ತು. ಇಐಎ ವರದಿಯಲ್ಲಿ ಬಾವಿ ತೋಡುವಾಗ ಆಗುವ ಇಂಗಾಲದ ಲೆಕ್ಕವಿತ್ತು, ಆ ತೈಲವನ್ನು ಮುಂದೆ ಎಲ್ಲೋ ಉರಿಸಿದಾಗ ಆಗುವುದರ ಲೆಕ್ಕವಿರಲಿಲ್ಲ. ತೈಲ ತೆಗೆಯುವುದೇ ಉರಿಸಲು, ಅದನ್ನು ಬಿಟ್ಟ ಲೆಕ್ಕ ಲೆಕ್ಕವೇ ಅಲ್ಲ ಎಂಬರ್ಥದ ತೀರ್ಪನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2024ರ ಜೂನ್ 20ರಂದು ಕೊಟ್ಟಿತು. ಒಂದು ವರ್ಷ ತುಂಬುವ ಮೊದಲೇ, 2025ರ ಮೇ 29ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿಗೆ ತಿರುಗಿತು. ಯೂಟಾದಲ್ಲಿ ಕಚ್ಚಾತೈಲ ಸಾಗಿಸಲು ಹಾಕಲಿದ್ದ 88 ಮೈಲಿ ರೈಲುಮಾರ್ಗಕ್ಕೆ 3,600 ಪುಟಗಳ ವರದಿ ಬಂದಿತ್ತು. ರೈಲು ಬಂದರೆ ಹೆಚ್ಚುವ ತೈಲಬಾವಿ, ಆ ತೈಲ ಹೋಗಿ ಸೇರುವ ಸಂಸ್ಕರಣಾಗಾರ ಇವುಗಳ ಪರಿಣಾಮವನ್ನು ಅದರಲ್ಲಿ ಸಾಕಷ್ಟು ನೋಡಿಲ್ಲ ಎಂಬುದು ದೂರು. ರೈಲು ಮಂಡಳಿ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ ಎಂದು ವಿಚಾರಣೆಯಲ್ಲಿದ್ದ ಎಂಟೂ ನ್ಯಾಯಮೂರ್ತಿಗಳು ಒಪ್ಪಿದರು. ಅವು ಬೇರೆ ಯೋಜನೆಗಳು, ಕೆಳ ನ್ಯಾಯಾಲಯಗಳು ಇಲಾಖೆಯ ವಿವೇಚನೆಗೆ ಹೆಚ್ಚು ಬೆಲೆ ಕೊಡಬೇಕು ಎಂದದ್ದು ಬಹುಮತದ ಐವರು.

ಕ್ಯಾಲ್ವರ್ಟ್ ಕ್ಲಿಫ್ಸ್‌ನಿಂದ ಬಂದಿದ್ದ ಕೋರ್ಟಿನ ಭಯ ಇದರಿಂದ ಸಡಿಲವಾಗಿದೆ. 1978ರಿಂದ ಇಡೀ ವ್ಯವಸ್ಥೆಗೆ ಬೆನ್ನೆಲುಬಾಗಿದ್ದ ಪರಿಸರ ಗುಣಮಟ್ಟ ಮಂಡಳಿಯ ನಿಯಮಾವಳಿಯನ್ನೂ 2025ರಲ್ಲಿ ಹಿಂತೆಗೆದುಕೊಂಡರು. ಬ್ರೆಜಿಲ್‌ನಲ್ಲಿ ಯೋಜನೆಯೊಂದಕ್ಕೆ ಪೂರ್ವ, ನಿರ್ಮಾಣ, ಕಾರ್ಯಾಚರಣೆ ಎಂದು ಮೂರು ಹಂತದ ಮೂರು ಪರವಾನಗಿ ಬೇಕಿತ್ತು. ಅದೇ 2025ರಲ್ಲಿ ಬಂದ ಹೊಸ ಕಾನೂನು ಕೆಲವು ಯೋಜನೆಗಳು ಸ್ವಯಂಘೋಷಣೆಯ ಮೇಲೇ ಪರವಾನಗಿ ಪಡೆಯುವ ದಾರಿ ತೆರೆಯಿತು. ಅಧ್ಯಕ್ಷ ಲೂಲಾ 63 ಅಂಶಗಳಿಗೆ ತಡೆ ಹಾಕಿದರು, ಸಂಸತ್ತು ಹೆಚ್ಚಿನವನ್ನು ಮತ್ತೆ ಊರ್ಜಿತಗೊಳಿಸಿತು. ಭಾರತದ ಪರಿಸರ ಸಚಿವಾಲಯ 2022ರ ಜನವರಿಯಲ್ಲಿ ರಾಜ್ಯ ಪ್ರಾಧಿಕಾರಗಳಿಗೆ ಅಂಕ ಕೊಡುವ ಪದ್ಧತಿ ಪ್ರಕಟಿಸಿತು. ಅನುಮತಿ ಬೇಗ ಕೊಟ್ಟಷ್ಟೂ ಅಂಕ ಹೆಚ್ಚು. ಎಷ್ಟು ಯೋಜನೆಗಳ ಜಾಗಕ್ಕೆ ಹೋಗಿ ಕಣ್ಣಾರೆ ನೋಡಿ ಬಂದಿರಿ ಎಂಬುದಕ್ಕೆ ಅಂಕವಿಲ್ಲದೆ, ಹೆಚ್ಚು ಸ್ಥಳ ಪರಿಶೀಲನೆ ಮಾಡಿದವರಿಗೇ ಅಂಕ ಕಡಿಮೆಯಾಗುವ ಲೆಕ್ಕಾಚಾರ ಅದರಲ್ಲಿತ್ತು.

ವಿಳಂಬದ ದೂರು ಸುಳ್ಳೇನಲ್ಲ. ನಾಲ್ಕೂವರೆ ವರ್ಷ ಕಾಯಬೇಕಾದದ್ದು ತೈಲದ ಕೊಳವೆಗಷ್ಟೇ ಅಲ್ಲ, ಸೌರವಿದ್ಯುತ್ತಿನ ತಂತಿಗೂ ಕೂಡ. ಅಮೆರಿಕದ ಸಂಸತ್ತು 2023ರಲ್ಲಿ ಇದಕ್ಕೆ ಮದ್ದು ಹುಡುಕಿ ಎರಡು ಮಿತಿ ಹಾಕಿತು: ಪೂರ್ಣ ವರದಿ ಎರಡು ವರ್ಷದೊಳಗೆ ಮುಗಿಯಬೇಕು, 150 ಪುಟ ಮೀರಬಾರದು, ಬಹಳ ಜಟಿಲವಾಗಿದ್ದರೆ 300. ಅನುಬಂಧದ ಪುಟಗಳು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ.